ಎರಡನೆಯ ಮಗುವಿನ ಪಾಲು

ರಾತ್ರಿ ಎರಡೂವರೆಗೆ ಹೆರಿಗೆ ಕೋಣೆಯ ಮೂಲೆಯಿಂದ ಸಣ್ಣದೊಂದು ಸೀನು ಕೇಳಿಸಿತು. ನರ್ಸ್ ವನಮಾಲಾ ತಿರುಗಿ ನೋಡಿದಳು.

ಅವಳಿ ಹೆಣ್ಣುಮಕ್ಕಳಲ್ಲಿ ಎರಡನೆಯದು ಎಷ್ಟು ಉಜ್ಜಿದರೂ ಉಸಿರಾಡಿರಲಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಮೂಲೆಯ ಮೇಜಿನ ಮೇಲಿಟ್ಟಿದ್ದಳು. ಗುಮಾಸ್ತ ತಿಪ್ಪೇಶಿ ಮೊದಲನೆಯ ಮಗುವನ್ನಷ್ಟೇ ಬರೆದುಕೊಂಡು, "ಇನ್ನೊಂದು ಜಾಣೆ ಕಣ್ರೀ ಸಿಸ್ಟರ್, ತಪ್ಪಿಸ್ಕೊಂಡ್ಲು," ಎಂದು ಆಕಳಿಸುತ್ತ ಹೋಗಿದ್ದ.

ಹಳೆಯ ಸಾಲದ ಬಡ್ಡಿ ಕಟ್ಟಲು ಸರ್ಕಾರ ಹೊರಗಿನಿಂದ ಹೊಸ ಸಾಲ ತಂದಿತ್ತು. ರೂಪಾಯಿ ಕುಸಿದಂತೆ ಅದೂ ಬೆಟ್ಟದಷ್ಟಾಗಿ, ಕೊನೆಗೆ ಹುಟ್ಟುವ ಪ್ರತಿ ಮಗುವಿನ ಹನ್ನೊಂದು ವರ್ಷದ ದುಡಿಮೆಯನ್ನು ಸಾಲ ಕೊಟ್ಟ ದೇಶಗಳಿಗೆ ಬರೆದುಕೊಟ್ಟಿತ್ತು. ಅದಕ್ಕೆ ಚೇತರಿಕೆ ಯೋಜನೆ ಎಂದು ಹೆಸರು. ವನಮಾಲಾಳ ಮಗ ಆ ದುಡಿಮೆಗೆ ಹೋಗಿ ಆರು ವರ್ಷವಾಗಿತ್ತು. ಯಾವ ದೇಶದಲ್ಲಿದ್ದಾನೆಂದು ವಿಚಾರಿಸುವುದನ್ನೂ ಅವಳು ಬಿಟ್ಟಿದ್ದಳು.

ಬಟ್ಟೆ ಸರಿಸಿದಳು. ಮಗು ಕೈಯಾಡಿಸುತ್ತಿತ್ತು.

"ಸಿಸ್ಟರ್, ಸೀನಿದ್ದು ಅದೇನಾ?" ಎಂದಳು ತಾಯಿ ಗಿರಿಜವ್ವ. "ಆ ಗುಮಾಸ್ತರನ್ನ ವಾಪಸ್ ಕರೀಬ್ಯಾಡ್ರಿ."

"ಬರೆಸದಿದ್ರೆ ಇದಕ್ಕೆ ರೇಷನ್ ಇಲ್ಲ, ಶಾಲೆ ಇಲ್ಲ ಕಣಮ್ಮಾ."

"ಒಬ್ಬಳ ರೇಷನ್ನಲ್ಲೇ ಇಬ್ರೂ ಉಣ್ತಾರೆ. ಇಬ್ರದೂ ಒಂದೇ ಮುಖ, ಶಾಲೆಗೆ ದಿನ ಬಿಟ್ಟು ದಿನ ಹೋಗ್ತಾರೆ."

ದೊಡ್ಡವರಾದ ಮೇಲೆ ಆ ಹನ್ನೊಂದು ವರ್ಷಕ್ಕೆ ಇಬ್ಬರಲ್ಲಿ ಯಾರು ಹೋಗುವುದೆಂದು ವನಮಾಲಾ ಕೇಳಲಿಲ್ಲ. ಮಗು ಜೋರಾಗಿ ಅಳುವ ಮೊದಲೇ ಅದನ್ನು ತಾಯಿಯ ಎದೆಗೆ ಹಚ್ಚಿದಳು. ಡಾಕ್ಟರಿಗಾಗಲಿ, ಬೆಳಗ್ಗೆ ಮನೆಯಲ್ಲಿ ಗಂಡನಿಗಾಗಲಿ, ಇದನ್ನು ಯಾರಿಗೂ ಹೇಳಬಾರದೆಂದು ತೀರ್ಮಾನಿಸಿದಳು.