ಗೋಡೆಯಾಚೆ ಕೂಗಿದ ಹೆಸರು

“ಹೆಸರು ಏನಂತ ಬರೀಲಿ?” ಲಸಿಕೆಯ ಕಾರ್ಡು ಮುಂದಿಟ್ಟುಕೊಂಡು ಸಹಕಾರನಗರದ ನಾಯಿ ಡಾಕ್ಟರು ಕೇಳಿದರು.

“ಮಧು,” ಎಂದಳು ಮಧುಶ್ರೀ.

ಪಕ್ಕದಲ್ಲಿ ನಿಂತಿದ್ದ ಗಂಡ ನರೇಂದ್ರ ನಕ್ಕ. “ಇನ್ಮೇಲೆ ನಮ್ಮನೇಲಿ ಇಬ್ರು ಮಧು ಡಾಕ್ಟ್ರೇ. ಒಬ್ರನ್ನ ಕರೆದ್ರೆ ಇನ್ನೊಬ್ರು ಬರ್ತಾರೆ.” ಮೇಜಿನ ಮೇಲೆ ಕೂತಿದ್ದ ಪುಟ್ಟ ಬಿಳೀ ನಾಯಿ ಮಾತ್ರ ಮೂವರಲ್ಲಿ ಯಾರ ಕಡೆಗೂ ನೋಡಲಿಲ್ಲ.

ಆ ಹೆಸರು ಮಧುಶ್ರೀ ಇಟ್ಟದ್ದಲ್ಲ. ಜಕ್ಕೂರಿನ ಅವರ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆಚೆ ಚನ್ನಕ್ಕ ಎಂಬ ನಿವೃತ್ತ ನರ್ಸ್ ಇದ್ದರು, ಜೊತೆಗೆ ಈ ನಾಯಿ. ಎರಡು ವರ್ಷದಲ್ಲಿ ಮೆಟ್ಟಿಲ ಮೇಲೆ ಎದುರಾದಾಗ ನಕ್ಕಿದ್ದು ಬಿಟ್ಟರೆ ಮಾತುಕತೆ ಇರಲಿಲ್ಲ. ಹದಿನೈದು ದಿನದ ಹಿಂದೆ, ಒಂದು ಸೋಮವಾರ ಮಧ್ಯಾಹ್ನ, ಮನೆಯಲ್ಲೇ ಆಫೀಸಿನ ಕೆಲಸ ಮಾಡುತ್ತ ಕೂತಿದ್ದ ಮಧುಶ್ರೀಗೆ ಗೋಡೆಯಾಚೆಯಿಂದ “ಮಧೂ... ಬಾಮ್ಮ...” ಎಂಬ ಕೂಗು ಕೇಳಿಸಿತು. ಬೆಚ್ಚಿದಳು. ಮರುಗಳಿಗೆಯೇ, ನಾಯಿಯ ಹೆಸರಿರಬೇಕು ಎಂದು ಹೊಳೆದು ತನ್ನಷ್ಟಕ್ಕೆ ನಕ್ಕಳು. ಮಂಗಳವಾರವೂ ಆ ಕರೆ ಇತ್ತು. ಬಿಟ್ಟು ಬಿಟ್ಟು, ಊಟಕ್ಕೆ ಬಾರದ ಮಗುವನ್ನು ರಮಿಸುವ ಹಾಗೆ. ಅವತ್ತು ಮೀಟಿಂಗ್ ಮೇಲೆ ಮೀಟಿಂಗ್. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು.

ಬುಧವಾರ ಬೆಳಿಗ್ಗೆ ಚನ್ನಕ್ಕನ ಮನೆಗೆಲಸದ ಮುನಿಶಾಮಮ್ಮ ನಾಲ್ಕು ದಿನದ ಮದುವೆ ಓಡಾಟ ಮುಗಿಸಿಕೊಂಡು ಬಂದು, ತನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆರೆದಾಗ, ಚನ್ನಕ್ಕ ನಡುಮನೆಯ ನೆಲದ ಮೇಲೆ ಹೆಣವಾಗಿದ್ದರು. ನಾಯಿ ಅವರ ಪಕ್ಕೆಗೆ ಅಂಟಿಕೊಂಡು ಮಲಗಿತ್ತು. ಹಿಂದಿನ ರಾತ್ರಿ ಹೋಗಿರಬೇಕು ಎಂದುಕೊಂಡಳು ಮಧುಶ್ರೀ. ಯಾರನ್ನೂ ಕೇಳಲಿಲ್ಲ. ಮಣ್ಣು ಮಾಡಲು ಬಂದ ಚನ್ನಕ್ಕನ ತಮ್ಮ ಭೀಮರಾಜ್, “ನಾಯೀನ ಕೆರೆ ಕಡೆ ಬಿಟ್ಬಿಡಿ,” ಎಂದು ಕೈ ತೊಳೆದುಕೊಂಡ. ತನ್ನ ಹೆಸರಿನ ಜೀವವೊಂದು ಬೀದಿಪಾಲಾಗುವುದನ್ನು ನೋಡಲಾರದೆ ಮಧುಶ್ರೀ ಅದನ್ನು ಎತ್ತಿಕೊಂಡು ಬಂದಿದ್ದಳು.

ಆದರೆ ಮಧು ಎಂದರೆ ನಾಯಿ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಕಿವುಡೇ ಎಂದರೆ ಅದೂ ಅಲ್ಲ. ಅಡುಗೆಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ಬಾಲ್ಕನಿಯಿಂದ ಓಡಿಬರುತ್ತಿತ್ತು. “ಹೆಸರು ಒಪ್ತಾ ಇಲ್ಲ ಕಣೇ, ಬಿಳೀದಕ್ಕೆ ಬಿಳೀ ಹೆಸರೇ ಇಡೋಣ,” ಎಂದು ನರೇಂದ್ರ ಬೆಳ್ಳಿ, ಮಲ್ಲಿ, ಹತ್ತಿ, ಸ್ನೋಯಿ ಎಂದೆಲ್ಲ ಕರೆದು ನೋಡಿದ. ಅದು ಗೋಡೆಯ ಬುಡ ಬಿಟ್ಟು ಕದಲಲಿಲ್ಲ.

ಭಾನುವಾರ ಮುನಿಶಾಮಮ್ಮ ಬಂದಳು. ಆಚೆಮನೆ ಖಾಲಿ ಮಾಡುವಾಗ ನಾಯಿಯ ತಟ್ಟೆ ಸಿಕ್ಕಿತ್ತಂತೆ. ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು, “ಅಕ್ಕೀ!” ಎಂದದ್ದೇ ತಡ, ನಾಯಿ ಚಿಮ್ಮಿ ಹೋಗಿ ಅವಳ ಮಡಿಲೇರಿತು.

“ಅಕ್ಕೀನಾ?” ಎಂದಳು ಮಧುಶ್ರೀ.

“ಊಂ ಕಣಮ್ಮ. ಅಕ್ಕಿಕಾಳ್ನಂಗೆ ಬೆಳ್ಳಗೆ, ಇಷ್ಟೇ ಇಷ್ಟು ಇತ್ತಲ್ಲ. ಚನ್ನಕ್ಕನೇ ಇಟ್ಟ ಎಸ್ರು.”

“ಮತ್ತೆ ಮಧು ಅಂತ ಕರೀತಿದ್ರಲ್ಲ? ಕೂಗಿದ್ದು ನಾನೇ ಕೇಳಿದೀನಿ.”

“ಇದನ್ನ ಯಾತಕ್ಕೆ ಕೂಗ್ತಾರೆ? ಮೂರೊತ್ತೂ ಅವ್ರ ಮಡ್ಲಾಗೇ ಇರ್ತಿತ್ತು. ಮಧು ಅಂದ್ರೆ ನೀವೇ ಅಲ್ವಾ? ನಿಮ್ಮೆಜಮಾನ್ರು ಕರೆಯೋದು ಗ್ವಾಡೆ ಆಚೀಕೂ ಕೇಳ್ತಿತ್ತು. ಆ ಮಧೂನ ಒಂದಿನ ಕರ್ದು ಮಾತಾಡಿಸ್ಬೇಕು ಅಂತ ಅಂತಾನೇ ಇದ್ರು.” ಮುನಿಶಾಮಮ್ಮ ತಲೆಯೆತ್ತಿದಳು. “ಯಾವತ್ತು ಕರ್ದಿದ್ದು?”

“ಸೋಮವಾರ. ಮಂಗಳವಾರಾನೂ. ಬುಧವಾರ ನೀವು ಬಂದ್ರಲ್ಲ, ಅದರ ಹಿಂದಿನ ಎರಡು ದಿನ.”

ನಾಯಿಯ ಬೆನ್ನು ಸವರುತ್ತಿದ್ದ ಕೈ ನಿಂತುಹೋಯಿತು. “ಅದೆಂಗಮ್ಮಾ? ಭಾನ್ವಾರ ರಾತ್ರೀನೇ ಜೀವ ಓಗೈತೆ, ನೋವೂ ಗೊತ್ತಾಗಿರಲ್ಲ ಅಂತ ಆಸ್ಪತ್ರೆ ಡಾಕ್ಟ್ರು ಏಳುದ್ರು. ನಾನೇ ಅಲ್ಲಿದ್ನಲ್ಲ.” ಅವಳು ನಾಯಿಯ ಮುಖ ನೋಡಿದಳು, ಗೋಡೆ ನೋಡಿದಳು. “ಇದುಕ್ಕೆ ಒಟ್ಟೆಗಾಕೋರು ಇಲ್ಲ ಅಂತ ಜೀವ ಓದ್ಮೇಲೆ ಕರ್ದವ್ರೆ ಕಣಮ್ಮ, ನಿಮ್ಮನ್ನ.” ಅಕ್ಕಿಯನ್ನು ಮೆಲ್ಲಗೆ ನೆಲಕ್ಕಿಳಿಸಿ ಚಪ್ಪಲಿ ಮೆಟ್ಟಿಕೊಂಡು ಹೊರಟವಳು ತಿರುಗಿ ನೋಡದೆ ಮೆಟ್ಟಿಲಿಳಿದಳು.

ಒಳಗೆ ಕೂತು ಎಲ್ಲ ಕೇಳಿಸಿಕೊಂಡಿದ್ದ ನರೇಂದ್ರ ಎದ್ದು ಬಂದು ಬಾಗಿಲು ಹಾಕಿದ. “ಅವಳ ಮಾತು ಬಿಡು,” ಎಂದ. “ಸತ್ತವ್ರು ಕರೀತಾರಾ? ಡಾಕ್ಟ್ರೇ ದಿನ ತಪ್ಪು ಹೇಳಿರ್ತಾರೆ.”

“ತಪ್ಪು ಹೇಳಿದ್ರೆ, ಎರಡು ದಿನ ಅವರು ನೆಲದ ಮೇಲೆ ಬಿದ್ಕೊಂಡು ನನ್ನನ್ನ ಕೂಗಿದಾರೆ ನರೇಂದ್ರ. ನಾನು ಇಲ್ಲೇ ಕೂತಿದ್ದೆ.”



ಮಧುಶ್ರೀ ಎದ್ದು ಹೋಗಿ ಗೋಡೆಗೆ ಅಂಗೈ ಒತ್ತಿದಳು. ತಣ್ಣಗಿತ್ತು. ದೆವ್ವದ ಮಾತೆತ್ತಿದರೆ ಹಗಲಲ್ಲೂ ಒಬ್ಬಳೇ ಬಚ್ಚಲಿಗೆ ಹೋಗಲು ಅಂಜುವ ಹೆಂಗಸು ಅವಳು. ಈಗ ಕಣ್ಣು ಮುಚ್ಚಿ ತುಟಿ ಅಲುಗಿಸಿದಳು. “ಮುನಿಶಾಮಮ್ಮ ಹೇಳಿದ್ದೇ ನಿಜ ಆಗಿರ್ಲಿ ದೇವ್ರೇ. ನನ್ನ ಕರೆದಿದ್ದು ಸತ್ತ ಚನ್ನಕ್ಕನೇ ಆಗಿರ್ಲಿ.”