ಜಗಲಿಯಲ್ಲಿ ಒಣಗಿದ ಮಾತು

ಈರುಳ್ಳಿ ಕಣ್ಣು ಉರಿಸುವುದನ್ನು ಬಿಟ್ಟು ಮಾತು ಹಿಡಿದಿಡಲು ಶುರುಮಾಡಿ ಇಪ್ಪತ್ತು ವರ್ಷವಾಗಿತ್ತು. ಒಣಗುವಾಗ ಕೇಳಿಸಿಕೊಂಡದ್ದನ್ನು ಹೆಚ್ಚುವಾಗ ಆಡಿಬಿಡುತ್ತಿತ್ತು. ಹಾಗಾಗಿ ಹಿತ್ತಲ ಸಣ್ಣ ಈರುಳ್ಳಿಯನ್ನು ಕಿತ್ತು, ಮಣ್ಣು ಕೊಡವಿ, ಗೊಂಚಲು ಕಟ್ಟಿ ಜಗಲಿಯಲ್ಲಿ ತೂಗುಹಾಕಿದ ಮೇಲೆ ಹದಿನೈದು ದಿನ ಅಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಚಿಕ್ಕತಾಯಮ್ಮ ಮೊಮ್ಮಕ್ಕಳನ್ನೂ ಕಣ್ಣಿನಲ್ಲೇ ಗದರಿಸಿ ಓಡಿಸುತ್ತಿದ್ದಳು.

ಮೊದಲ ಗೊಂಚಲು ಪ್ರತಿವರ್ಷವೂ ಪಕ್ಕದ ಮನೆಯ ಮಾದೇವಿಗೆ. ಈ ಸಲವೂ ಕೊಟ್ಟು ಬಂದು, ಚಿಕ್ಕತಾಯಮ್ಮ ಸಾರಿಗೆಂದು ತಾನೂ ಒಂದು ಈರುಳ್ಳಿ ಹೆಚ್ಚಿದಳು. ಅದರೊಳಗಿಂದ ಅವಳದೇ ದನಿ ಬಂತು: "ಗಂಡ ಬಿಟ್ಟೋಗಿದ್ದು ಸುಮ್ಕೆನಾ? ಆ ಮಾದೇವಿ ಜೊತೆ ಯಾರು ತಾನೆ ಬಾಳಾರು?"

ಮೊನ್ನೆ ಮಳೆ ಹನಿದಾಗ ಫೋನು ಹಿಡಿದುಕೊಂಡೇ ಜಗಲಿಗೆ ಓಡಿಬಂದಿದ್ದಳು. ತಂಗಿಯೊಡನೆ ಮಾತಿನ ಭರದಲ್ಲಿ, ತಲೆಯ ಮೇಲೆ ತೂಗುತ್ತಿದ್ದುದನ್ನೇ ಮರೆತಿದ್ದಳು.

ಈಳಿಗೆಮಣೆಯನ್ನು ಅಲ್ಲೇ ಬಿಟ್ಟು ಪಕ್ಕದ ಮನೆಗೆ ಓಡಿದಳು. ಮಾದೇವಿ ಅಡುಗೆಮನೆಯಲ್ಲಿ ಕೂತಿದ್ದಳು. ಮುಂದೆ ತಟ್ಟೆಯ ತುಂಬ ಹೆಚ್ಚಿದ ಈರುಳ್ಳಿ. ಕಣ್ಣು ಕೆಂಪಗಾಗಿತ್ತು.

"ಆ ಗೊಂಚಲು ವಾಪಸ್ ಕೊಡು ಮಾದೇವಿ, ಅದು... ಅದು ಕೊಳ್ತೋಗ್ಯದೆ," ಚಿಕ್ಕತಾಯಮ್ಮ ತೊದಲಿದಳು.

"ಎಲ್ಲಾ ಹೆಚ್ಚಿಬುಟ್ಟೆ ಕಣಕ್ಕ. ಚೆನ್ನಾಗೇ ಒಣಗಿತ್ತು." ಮಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಯಾಕೋ ಈ ಸಲ ಖಾರ ಜಾಸ್ತಿ. ಕಣ್ಣು ಉರೀತು, ಅಷ್ಟೇಯ. ಕೂತ್ಕೊ, ಸಾರು ಆಯ್ತದೆ, ಉಂಡ್ಕೊಂಡು ಹೋಗು."

ಇಪ್ಪತ್ತು ವರ್ಷದಿಂದ ಯಾವ ಈರುಳ್ಳಿಯೂ ಯಾರ ಕಣ್ಣನ್ನೂ ಉರಿಸಿರಲಿಲ್ಲ. ಚಿಕ್ಕತಾಯಮ್ಮ ತಲೆ ಎತ್ತಲಾರದೆ, ಹಾಕಿಕೊಟ್ಟ ಮಣೆಯ ಮೇಲೆ ಕೂತಳು.