ಐದನೆಯ ಸಲ ತಿದ್ದಿದ ಪದ

ಮುಕ್ತಾರ ಮತ್ತೆ ಅದೇ ಪದವನ್ನು ತಿದ್ದಿದ್ದ. ಇದು ಐದನೆಯ ಸಲ. ಭಾನುವಾರ ಬೆಳಿಗ್ಗೆ ಚಹಾದ ಕಪ್ಪು ಹಿಡಿದು ಮೊಬೈಲ್ ತೆರೆದ ವಿಜಯಶ್ರೀಗೆ ಮೊದಲು ಕಂಡದ್ದೇ ಅದು: 'ಸ್ಮಶಾನ' ಇದ್ದಲ್ಲಿ 'ಹಿತ್ತಲು'. ಚಹಾ ಆರುವ ಮೊದಲೇ ಅವಳು 'ಸ್ಮಶಾನ'ವನ್ನು ತಿರುಗಿ ತಂದು ಅದರ ಜಾಗದಲ್ಲಿ ಕೂರಿಸಿದಳು.

'ಕೋಟೆ ಕಾಳಗ' ಎಂಬ ಕಾರ್ಡಿನ ಆಟ ಅದು. ಕಾರ್ಡುಗಳು ಇಂಗ್ಲಿಷಿನಲ್ಲಿ ಅಚ್ಚಾಗಿ ಬರುತ್ತವೆ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಆಟದ ಹುಚ್ಚಿನವರು ಸೇರಿ, ಯಾವ ಕಾರ್ಡು ಏನು ಮಾಡುತ್ತದೆ ಎಂದು ಕನ್ನಡದಲ್ಲಿ ತಿಳಿಸುವ, ಸದಸ್ಯರೆಲ್ಲ ಬರೆದು ತಿದ್ದಬಹುದಾದ ವಿಕಿ ಜಾಲತಾಣವೊಂದನ್ನು ಕಟ್ಟಿದ್ದರು. ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ವಿಜಯಶ್ರೀ ಅದರ ಬರವಣಿಗೆಯ ನಿಯಮಗಳನ್ನು ಮಾಡಿದವಳು. ಒಂದು ವಸ್ತುವಿಗೆ ಒಂದೇ ಪದ. ಪದ ಬದಲಾಗಬೇಕಾದರೆ ಮೂವರ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದೆ ಐದು ಸಲ ಬದಲಿಸಿದವರಿಗೆ ಒಂದು ತಿಂಗಳು ಬಾಗಿಲು ಬಂದ್. ಸೋತ ಕಾರ್ಡುಗಳನ್ನು ಗುಡ್ಡೆ ಹಾಕುವ ಜಾಗಕ್ಕೆ, ಇಂಗ್ಲಿಷಿನ ಅರ್ಥ ನೋಡಿ, 'ಸ್ಮಶಾನ' ಎಂದು ಹೆಸರಿಟ್ಟವಳೂ ಅವಳೇ.

ತೊಂದರೆಯೆಂದರೆ, ಇಂಡಿಯಲ್ಲಿ ಟೇಲರ್ ಅಂಗಡಿ ಇಟ್ಟಿದ್ದ ಈ ಮುಕ್ತಾರ ವಿಕಿಯ ಅರ್ಧಕ್ಕೂ ಹೆಚ್ಚು ಪುಟ ಬರೆದವನು. ಗುಂಡಿಗೆ ಕಾಜಾ ಹೊಲಿಯುವವನ ತಾಳ್ಮೆ ಅವನ ವಾಕ್ಯಗಳಲ್ಲೂ ಇತ್ತು. ಒಂದು ಅಲ್ಪವಿರಾಮವೂ ದಾರಿ ತಪ್ಪುತ್ತಿರಲಿಲ್ಲ. ಈ ಒಂದು ಪದಕ್ಕೆ ಮಾತ್ರ ಹಟ ಹಿಡಿದಿದ್ದ. ಕಾರಣ ಬರೆಯುವ ಜಾಗದಲ್ಲಿ ಪ್ರತಿ ಸಲವೂ 'ಹಿಂಗ ಅಂತಾರ್ರಿ' ಎಂದಷ್ಟೇ ಬರೆದಿರುತ್ತಿದ್ದ. ಅವನನ್ನು ಹೊರಗಿಟ್ಟರೆ ಮತ್ತೆ ಬಾರದೆಯೂ ಇರಬಹುದು. ಇಡದಿದ್ದರೆ ನಿಯಮಕ್ಕೇನು ಬೆಲೆ? ಮಧ್ಯಾಹ್ನ ಹೇಗೂ ಮನೆಗೆ ಆಡಲು ಬರುತ್ತಾನೆ, ಎದುರಿಗೇ ಹೇಳಿಬಿಟ್ಟರಾಯಿತು ಎಂದು ಅವಳು ಗಟ್ಟಿ ಮನಸ್ಸು ಮಾಡಿದಳು.

ಮುಕ್ತಾರ ಎರಡು ಗಂಟೆಯ ಬಸ್ಸಿಗೆ ಬಂದ. ಬಂದವನಿಗೆ ನೀರು ಕೊಟ್ಟಾಯಿತು, ಚುರುಮುರಿ ಕೊಟ್ಟಾಯಿತು. ತಿನ್ನುವವನ ಮುಂದೆ ಆ ಮಾತು ಹೇಗೆ ತೆಗೆಯುವುದು ಎಂದು ಅವಳು ಹಿಂದುಮುಂದು ನೋಡುವುದರೊಳಗೆ, ಮೊದಲೇ ಆಡಲು ಬಂದಿದ್ದ ಕನ್ನೊಳ್ಳಿಯ ಅಂಗನವಾಡಿ ಶಿಕ್ಷಕಿ ಯಲ್ಲವ್ವ ಪಡಸಾಲೆಯ ಚಾಪೆಯ ಮೇಲೆ ಕಾರ್ಡು ಹಾಸಿ ಕರೆದಳು. ಆಟ ಶುರುವಾಯಿತು. ಯಲ್ಲವ್ವ ಕಲಿತು ಮೂರು ತಿಂಗಳಾಗಿರಲಿಲ್ಲ, ಆದರೂ ಒಂದೊಂದೇ ಗೋಡೆ ಕೆಡವುತ್ತ ಬಂದಳು. ವಿಜಯಶ್ರೀಯ ಕೋಟೆಗೆ ಉಳಿದದ್ದು ಒಂದೇ ಗೋಡೆ. ಆಗ ಅವಳಿಗೆ ಕೈಯಲ್ಲಿದ್ದ ಕಾರ್ಡಿನ ಕರಾಮತ್ತು ನೆನಪಾಯಿತು. ಸೋತ ಒಬ್ಬನನ್ನು ಅದು ತಿರುಗಿ ಕರೆತರುತ್ತದೆ. ಬಿಲ್ಲುಗಾರನ ಕಾರ್ಡನ್ನು ಗುಡ್ಡೆಯಿಂದ ಹಿರಿದು ಚಾಪೆಗೆ ಬಡಿದಳು.

“ನನ್ನ ಬಿಲ್ಲುಗಾರ ಹಿತ್ತಲದಾಗಿಂದ ವಾಪಸ್ ಬಂದ ನೋಡ್ರಿ.”

ಅಂದ ಮೇಲೆ ತನ್ನ ಮಾತು ವಿಜಯಶ್ರೀಗೇ ಕೇಳಿಸಿತು. ಓರೆಗಣ್ಣಲ್ಲಿ ಮುಕ್ತಾರನನ್ನು ನೋಡಿದಳು. ಅವನು ನಗುತ್ತಿರಲಿಲ್ಲ, ತೋಳಿಗೆ ಅಂಟಿದ ದಾರದ ಎಳೆಯೊಂದನ್ನು ಬಹಳ ಶ್ರದ್ಧೆಯಿಂದ ಕೀಳುತ್ತಿದ್ದ.

“ನಾ ಈಗ ಏನಂದೆ?”

“ಹಿತ್ತಲ ಅಂದ್ರಿ,” ಎಂದಳು ಯಲ್ಲವ್ವ, ಕಾರ್ಡಿನಿಂದ ಕಣ್ಣೆತ್ತದೆ. “ಯಾವಾಗ್ಲೂ ಹಂಗ ಅಂತೀರಲ್ರಿ ಅಕ್ಕಾರ. ನಾವೆಲ್ಲಾ ನಿಮ್ಮಿಂದನ ಕಲ್ತೇವಿ.”

ವಿಜಯಶ್ರೀಗೆ ಒಮ್ಮೆಲೇ ಹೊಳೆಯಿತು. ಮನೆಯ ಪಡಸಾಲೆಯಲ್ಲಿ, ಅತ್ತೆಯ ಕಿವಿಗೆ ಬೀಳುವ ಹಾಗೆ, ಹೊತ್ತಲ್ಲದ ಹೊತ್ತಿನಲ್ಲಿ 'ಸ್ಮಶಾನ, ಸ್ಮಶಾನ' ಎನ್ನುವುದು ಹೇಗೆಂದು ಮೊದಲ ಸಲ ಆಡಿದಾಗ ಅವಳೇ 'ಹಿತ್ತಲ' ಎಂದು ಮಾತು ತಿರುಗಿಸಿದ್ದಳು. ಪುಟದಲ್ಲಿ ಒಂದು, ಬಾಯಲ್ಲಿ ಇನ್ನೊಂದು. ಎರಡು ವರ್ಷ ಅದು ಅವಳ ಲಕ್ಷ್ಯಕ್ಕೇ ಬಂದಿರಲಿಲ್ಲ. ಇದನ್ನು ಮೊದಲೇ ಯಾಕೆ ಬಿಡಿಸಿ ಹೇಳಲಿಲ್ಲವೆಂದು ಮುಕ್ತಾರನನ್ನು ಕೇಳಿದಳು.

“ನಿಮ್ಮ ಮಾತ ನಿಮಗ ಹೆಂಗ ಹೇಳೂದ್ರಿ?” ಎಂದ ಅವನು. ಮೆಲ್ಲಗೆ ಸೇರಿಸಿದ: “ಸ್ಮಶಾನ ಅಂದ್ರ ನಿಮ್ಮದು, ಖಬರಸ್ತಾನ ಅಂದ್ರ ನಮ್ಮದು. ಹಿತ್ತಲ ಎಲ್ಲಾರ ಮನಿಗೂ ಐತಿ. ಮತ್ತ ಹಿತ್ತಲಕ್ಕ ಹೋದವರು ಒಳಗ ಬರ್ತಾರ್ರಿ.”

ಬೆಳಿಗ್ಗೆ ತಾನು ಮಾಡಿದ್ದ ನಿರ್ಧಾರವನ್ನು ಅವಳು ಮುಚ್ಚಿಡಲಿಲ್ಲ. ತನಗದು ಗೊತ್ತಿತ್ತೆಂದ ಅವನು. ಬಾಗಿಲು ಬಂದ್ ಆದರೆ ಕೆಲಸ ನಿಲ್ಲಬಾರದೆಂದು, ಒಂದು ತಿಂಗಳಿಗೆ ಆಗುವಷ್ಟು ಪುಟಗಳನ್ನು ಮೊದಲೇ ಬರೆದು ವಿಕಿಗೆ ಏರಿಸಿ, ಆಮೇಲೆ ಐದನೆಯ ಸಲ ತಿದ್ದಿದ್ದನಂತೆ. ಇದನ್ನು ಕೇಳಿ ವಿಜಯಶ್ರೀ ಎದ್ದಳು. ಒಳಗೆ ಹೋಗಿ ಲ್ಯಾಪ್‌ಟಾಪ್ ತಂದಳು.

ಮೂವರ ಒಪ್ಪಿಗೆ ಬೇಕಲ್ಲ. ಯಲ್ಲವ್ವ ಈವರೆಗೆ ವಿಕಿಯಲ್ಲಿ ಓದಿದ್ದಳೇ ಹೊರತು ಒಂದಕ್ಷರ ಬರೆದಿರಲಿಲ್ಲ. ಅಲ್ಲೇ ಕೂತು ಹೆಸರು ನೋಂದಾಯಿಸಿದಳು. ಅವಳು ಬರೆದ ಮೊದಲ ಮಾತು 'ಒಪ್ಪಿಗೆ ಐತಿ'. ಅದನ್ನು 'ಇದೆ' ಎಂದು ತಿದ್ದಲು ಹೋದ ವಿಜಯಶ್ರೀಯ ಬೆರಳು ಯಾಕೋ ಹಿಂದೆ ಸರಿಯಿತು. ಆಟ ಅರ್ಧಕ್ಕೇ ನಿಂತಿತು. ಮುನ್ನೂರು ಚಿಲ್ಲರೆ ಪುಟಗಳನ್ನು ಮೂವರೂ ಹಂಚಿಕೊಂಡು ತಿದ್ದುತ್ತ ಹೋದರು. ನಡುವೆ ಎರಡು ಸಲ ಚಹಾ ಆಯಿತು. ಅತ್ತೆ ಬಂದು, ಇವತ್ತೇಕೆ ಯಾರೂ ಆಡುತ್ತಿಲ್ಲ ಎಂದು ಕೇಳಿ ಹೋದರು.

ಹೊತ್ತು ಇಳಿಯುವಾಗ ಒಂದೇ ಪುಟ ಉಳಿದಿತ್ತು. ಇಡೀ ಆಟದಲ್ಲಿ ಎಲ್ಲರೂ ಅಂಜುವ ಕಾರ್ಡು ಅದು: ಕೆಂಡದಂಥ ಕಣ್ಣು, ಕೈಯಲ್ಲಿ ಆಳೆತ್ತರದ ಕುಡುಗೋಲು, ಹೆಸರು 'ಸ್ಮಶಾನದ ಕಾವಲುಗಾರ'. ಇದೊಂದನ್ನು ಹಾಗೇ ಬಿಡೋಣವೇ ಎಂದು ಮುಕ್ತಾರ ಅನುಮಾನಿಸುತ್ತಿದ್ದ. ಅಷ್ಟರಲ್ಲಿ ವಿಜಯಶ್ರೀ ಬದಲಿಸಿ ಮುಗಿಸಿದ್ದಳು. ಮೂವರೂ ಬಗ್ಗಿ ನೋಡಿದರು. 'ಹಿತ್ತಲ ಕಾವಲುಗಾರ' ಎಂಬ ಹೊಸ ಹೆಸರಿನ ಮೇಲೆ ಆ ರಾಕ್ಷಸ, ಒಣಹಾಕಿದ ಸಂಡಿಗೆಗೆ ಕಾಗೆ ಬಾರದಂತೆ ನೋಡಿಕೋ ಎಂದು ಮನೆಯವರು ಕೂರಿಸಿಹೋದ ದೊಡ್ಡಪ್ಪನ ಹಾಗೆ, ಕುಡುಗೋಲು ಹಿಡಿದು ನಿಷ್ಠೆಯಿಂದ ಕೂತಿದ್ದ.